ಶರಣವ್ವನ ಇಟ್ಟಂಗಿ ಚಿತ್ರ ಯಾರದು?

“ಸರ್, ಲೈಸೆನ್ಸ್ ಕೊಟ್ಟದ್ದು ನೀವೇ ಅಲ್ಲವೇ?”

ಫೋನಿನಲ್ಲಿ ಆ ಯುವಕ ವಿನಯದಿಂದಲೇ ಕೇಳಿದ. ನನಗೆ ಮೈಯೆಲ್ಲ ಉರಿಯಿತು. ಅವನ ಕಂಪನಿ ಮಕ್ಕಳಿಗೆ ಕನ್ನಡ ಅಕ್ಷರದ ಕಾರ್ಡು ಮಾರುತ್ತದೆ. ಇ ಅಕ್ಷರಕ್ಕೆ ಇಟ್ಟಂಗಿ, ಏ ಅಕ್ಷರಕ್ಕೆ ಏಣಿ, ಬ ಅಕ್ಷರಕ್ಕೆ ಬಾಂಡ್ಲಿ. ಕೆಳಗೆ, ‘ನಮ್ಮ ಕಲಾವಿದರ ಸ್ವಂತ ಕಲ್ಪನೆ’!

ಸ್ವಂತವಂತೆ! ಎಸಿ ರೂಮಿನಲ್ಲಿ ಕೂತವರು ಎಂದಾದರೂ ತಲೆಯ ಮೇಲೆ ಗಾರೆ ತುಂಬಿದ ಬಾಂಡ್ಲಿ ಹೊತ್ತಿದ್ದಾರೆಯೇ?

ಆ ಚಿತ್ರಗಳು ಶರಣವ್ವನವು. ಯಾದಗಿರಿ ಕಡೆಯವಳು, ಗಚ್ಚಿಬೌಲಿಯಲ್ಲಿ ಕಟ್ಟಡದ ಕೆಲಸ. ಅಲ್ಲಿಗೆ ವಲಸೆ ಬಂದ ಕನ್ನಡದ ಕೂಲಿಕಾರರ ಮಕ್ಕಳಿಗೆಂದು ಸುಮಾ ಎಂಬ ಇಂಜಿನಿಯರ್ ಅಕ್ಷರ ಕಲಿಸುವ ಉಚಿತ ಆ್ಯಪ್ ಮಾಡಿದಾಗ, ಮಕ್ಕಳು ದಿನಾ ಕಾಣುವ ಸಾಮಾನುಗಳನ್ನೇ ಶರಣವ್ವ ಇದ್ದಿಲಿನಲ್ಲಿ ಬರೆದುಕೊಟ್ಟಳು. ಬಣ್ಣ ತುಂಬಿದವನು ನಾನು. ಕಾಚಿಗೂಡದಲ್ಲಿ ಜೀವನವಿಡೀ ಅಂಗಡಿಗಳ ಬೋರ್ಡ್ ಬರೆದವನು.

ಸುಮಾಳ ಮುಂದೆ ಕೂಗಾಡಿದೆ.

“ಅಂಕಲ್, ಮೊದಲ ಕೂಡ್ರಿ. ಪ್ರೋಗ್ರಾಮಿಗೆ ಬ್ಯಾರೆ ಲೈಸೆನ್ಸ್, ಚಿತ್ರಕ್ಕ ಬ್ಯಾರೆ. ಶರಣವ್ವನ ಕೇಳಿ ಆರಿಸ್ರಿ ಅಂತ ನಿಮಗ ಬಿಟ್ಟಿದ್ದೆ. ಒಂದು, ಯಾರರ ಬಳಸ್ಲಿ, ಬರೆದವರ ಹೆಸರು ಹಾಕ್ಲಿ. ಇನ್ನೊಂದು, ಹೆಸರೂ ಬ್ಯಾಡ. ನೀವು ಎರಡನೇದು ಒತ್ತೀರಿ.”

“ವಾಪಸ್ ತಗೋ.”

“ಹೊಸ ಚಿತ್ರಕ್ಕ ಬದಲಿಸಬಹುದು. ಇವನ್ನ ಕೊಟ್ಟಾತಲ್ರೀ.”

ತಿಳಿಯದೆ ಒತ್ತಿದೆ ಎಂದು ಬರೆದರೆ ನೀವು ನಂಬುತ್ತೀರಿ. (ಮೆಟ್ರಿಕ್ ಓದಿದ ಮುದುಕ, ಪಾಪ!) ಇಲ್ಲ, ಶರಣವ್ವನನ್ನು ಕೇಳದೆ, ತಿಳಿದೇ ಒತ್ತಿದೆ. ನಮ್ಮ ಕಸುಬಿನಲ್ಲಿ ಗೆರೆ ಎಳೆದವನಿಗೆ ಹೆಸರಿಲ್ಲ. ಕೊನೆಯ ಬ್ರಷ್ ಹಿಡಿದವನೇ ಬೋರ್ಡಿನ ಮೂಲೆಯಲ್ಲಿ ಸಹಿ ಹಾಕುತ್ತಾನೆ. ಆ ಮೊದಲ ಲೈಸೆನ್ಸಿನಲ್ಲಿ ಹೆಸರಿಗೊಂದು ಖಾಲಿ ಜಾಗವಿತ್ತು. ನನ್ನದು ಬರೆಯಲು ನಾಚಿಕೆ. ಅವಳದು ಬರೆಯಲು ಹೊಟ್ಟೆಕಿಚ್ಚು. ಯಾರದೂ ಬೇಡ ಎಂದುಬಿಟ್ಟೆ! ಅದನ್ನೇ ಉದಾರತನ ಎಂದುಕೊಂಡು ಆ ದಿನ ಎದೆಯುಬ್ಬಿಸಿ ಮನೆಗೆ ಬಂದೆ.

ಕಂಪನಿಯವರು ಮಾಡಿದ್ದು ಕಳ್ಳತನವೇ, ಬಿಡಿ. ಆದರೆ ಬಾಗಿಲು ತೆಗೆದುಕೊಟ್ಟವನು?

ನಿನ್ನೆ ಸೈಟಿಗೆ ಹೋಗಿ ಎಲ್ಲ ಹೇಳಿದೆ. ಶರಣವ್ವ ಸೆರಗಿನಿಂದ ಮುಖದ ಸಿಮೆಂಟ್ ಒರೆಸಿಕೊಂಡಳು.

“ಒಯ್ದರ ಒಯ್ಯಲಿ ಮಾಮಾ, ಇನ್ನಷ್ಟು ಹುಡುಗ್ರು ಓದತಾವ. ಆದ್ರ ನನ್ನ ಹೆಸರು ಬರಿಯಾಕ ನಿಮಗ ಅಷ್ಟು ಕೈ ನೋಯ್ತೇನ್ರಿ? ಮಗಳ ಸಾಲ್ಯಾಗ ಆ ಕಾರ್ಡ್ ಬಂದಾವ. ಇವು ನಮ್ಮವ್ವ ಬರೆದದ್ದು ಅಂದಳಂತ. ಹೆಸರೆಲ್ಲೈತಿ ತೋರ್ಸು ಅಂದ್ರಂತ. ಈಗ ಎಲ್ಲಾರೂ ಸುಳ್ಳಬುರಕಿ ಅನ್ನಾಕತ್ತಾರ. ಸಾಲಿಗೆ ಒಲ್ಲೆ ಅಂತಾಳ.”

ಆ ಹುಡುಗಿಗೆ ಎಂಟು ವರ್ಷ. ನಾಳೆ ನಾನೇ ಆ ಶಾಲೆಗೆ ಹೋಗುತ್ತಿದ್ದೇನೆ. ಮಕ್ಕಳ ಮುಂದೆ ನಿಂತು, ನನ್ನ ಹೊಟ್ಟೆಕಿಚ್ಚಿನ ಕಥೆಯನ್ನು ಯಾವ ಮಾತಿನಿಂದ ಶುರು ಮಾಡಲಿ?