ತೊಳೆದಿಟ್ಟ ತಾಟು

ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ಹೊಸಪೇಟೆಯ ನಮ್ಮ ಕಾಲೇಜಿನ ನೋಟಿಸ್ ಬೋರ್ಡಿಗೆ ಒಂದು ಸುತ್ತೋಲೆ ಬಂತು. ಪದವಿ ವಿದ್ಯಾರ್ಥಿಗಳು ತಾವೇ ವಿಷಯ ಆರಿಸಿಕೊಂಡು ಸಂಶೋಧನೆ ಮಾಡುವುದಾದರೆ ಬೆಂಗಳೂರಿನ ಒಂದು ಸಂಸ್ಥೆ ಅನುದಾನ ಕೊಡುತ್ತದೆಂದು ಅದರಲ್ಲಿತ್ತು. ಗೆಳತಿಯರು ಓದಿ ಮುಂದೆ ಹೋದರು. ನಾನು ಅದನ್ನು ಒಂದಕ್ಷರ ಬಿಡದೆ ಬರೆದುಕೊಂಡೆ. ಮನೆಯಲ್ಲಿ ಆಗಲೇ ನನ್ನ ಮದುವೆಯ ಮಾತು ಶುರುವಾಗಿತ್ತು. "ಅದೇನೋ ಅನುದಾನ ಅಂತೀಯಲ್ಲ, ಅದು ಸಿಕ್ರ ಎಂ.ಎಸ್ಸಿ. ಓದುವಂತಿ" ಎಂದು ಅಪ್ಪ ಊಟಕ್ಕೆ ಕೂತಾಗ ಒಮ್ಮೆ ಅಂದುಬಿಟ್ಟ. ಸುಮ್ಮನೆ ಅಂದಿದ್ದನೋ ಏನೋ, ನಾನು ಮಾತ್ರ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ವಿಷಯ ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ. ಸಂಡೂರಿನ ಕಡೆಯಿಂದ ಅದಿರಿನ ಲಾರಿಗಳು ಒಂದರ ಹಿಂದೊಂದು ಬರುತ್ತಿದ್ದ ಕಾಲ ಅದು. ಚಿತ್ತವಾಡ್ಗಿಯ ನಮ್ಮ ಮನೆಯಲ್ಲೇ ಬಿಳಿ ಬಟ್ಟೆ ಹೊರಗೆ ಒಣಹಾಕುವುದನ್ನು ಅಮ್ಮ ಬಿಟ್ಟಿದ್ದಳು. ಇನ್ನು ಬಂಡ್ರಿಯಲ್ಲಿದ್ದ ದೊಡ್ಡಮ್ಮನ ಮನೆಯಂತೂ ಲಾರಿ ದಾರಿಯ ಮಗ್ಗುಲಲ್ಲೇ. ದೊಡ್ಡಮ್ಮ ನಮ್ಮಮ್ಮನ ಅಕ್ಕ. ಗಂಡ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಮೈನ್ಸಿನಲ್ಲಿ ಅದಿರು ಒಡೆಯುವ ಕೆಲಸಕ್ಕೆ ಹೋಗುತ್ತಿದ್ದಳು, ಬಂದು ಕೆಮ್ಮುತ್ತಿದ್ದಳು. ಏನದು ಕೆಮ್ಮು ಅಂದರೆ, "ಎಲ್ರಿಗೂ ಐತಿ ಬಿಡು" ಎಂದು ನಗುತ್ತಿದ್ದಳು. ಮನೆಗಳ ಮೇಲೆ ದಿನಕ್ಕೆ ಎಷ್ಟು ಧೂಳು ಬೀಳುತ್ತದೆ ಎಂದು ಅಳೆಯುವುದೇ ನನ್ನ ಸಂಶೋಧನೆಯೆಂದು ನಿರ್ಧರಿಸಿದೆ.

ರಸಾಯನಶಾಸ್ತ್ರದ ಮೇಷ್ಟ್ರು ನನಗೆ ಮಾರ್ಗದರ್ಶಕರಾಗಲು ಒಪ್ಪಿದರು. "ವಿಚಾರ ಚಲೋ ಐತಿ. ಒಂದು ಮನಿದಾದ್ರೂ ಒಂದು ತಿಂಗಳ ಅಳತಿ ಜೋಡ್ಸು, ಅರ್ಜಿಗೆ ಬಲ ಬರ್ತೈತಿ" ಎಂದರು. ಲ್ಯಾಬಿನ ಒಂದು ಸ್ಟೀಲ್ ತಾಟಿಗೆ ಬಿದ್ದ ಧೂಳು ಅಂಟಿಕೊಳ್ಳಲೆಂದು ತೆಳ್ಳಗೆ ವ್ಯಾಸಲೀನ್ ಸವರಿ, ತೂಗಿ, ತೂಕ ಬರೆದುಕೊಂಡು ಬಂಡ್ರಿಗೆ ಒಯ್ದೆ. ದೊಡ್ಡಮ್ಮನ ಮಾಳಿಗೆಯ ಮೇಲೆ ಕಲ್ಲುಗಳ ನಡುವೆ ಕೂರಿಸಿದೆ. "ಇದು ಕಾಲೇಜಿನ ತಾಟು. ತಿಂಗಳು ಮುಗಿಯೋತನ ಮುಟ್ಟಬ್ಯಾಡ" ಎಂದು ಹೇಳಿ ಬಂದೆ. ಯಾಕೆಂದು ಬಿಡಿಸಿ ಹೇಳಲಿಲ್ಲ. ಅವಳಿಗೇನು ತಿಳಿಯುತ್ತದೆ ಎಂಬ ಸೊಕ್ಕು ನನಗೆ ಆ ವಯಸ್ಸಿನಲ್ಲಿ ಬೇಕಾದಷ್ಟಿತ್ತು.

ತಿಂಗಳು ತುಂಬಿದ ದಿನ ಬೆಳಗಿನ ಬಸ್ಸಿಗೆ ಹೋದೆ. ದೊಡ್ಡಮ್ಮ ಕೆಲಸ ಬಿಟ್ಟು ನನಗಾಗಿ ಕಾದು ಕೂತಿದ್ದಳು. "ಕಾಗಿ ಸೈತ ಹತ್ರ ಬರಗೊಟ್ಟಿಲ್ಲ ನೋಡು" ಎನ್ನುತ್ತ ಒಳಗಿನಿಂದ ತಾಟು ತಂದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಳು. ಅದರಲ್ಲಿ ನಾಲ್ಕು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೇಲೊಂದು ಒಗೆದ ಬಟ್ಟೆ. ನಮ್ಮ ಕಡೆ ಬೇರೆಯವರ ಪಾತ್ರೆಯನ್ನು ತೊಳೆಯದೆ ಕೊಡುವುದಿಲ್ಲ, ಖಾಲಿಯಾಗಿಯೂ ಕೊಡುವುದಿಲ್ಲ. ಚಿಕ್ಕಂದಿನಿಂದ ನಾನೂ ಎಷ್ಟೋ ಮನೆಗಳಿಗೆ ಹಾಗೆ ಕೊಟ್ಟು ಬಂದಿದ್ದೆ. ಆದರೂ ಇವಳು ಹೀಗೆ ಮಾಡಿಯಾಳು ಎಂದು ನನಗೆ ಹೊಳೆದೇ ಇರಲಿಲ್ಲ.

"ಯಾಕ ತೊಳದಿ?" ಎಂದು ಕಿರುಚಿದೆ.

"ಅಯ್ಯ, ಭಾಳ ಹೊಲಸಾಗಿತ್ತವ್ವ. ಹಂಗ ಕೊಟ್ರ ನಿಮ್ಮ ಮೇಷ್ಟ್ರು ಏನಂದಾರು? ನಿನ್ನ ಮರ್ಯಾದಿ ಹೋಗಂಗಿಲ್ಲೇನು?"

"ಆ ಹೊಲಸೇ ಬೇಕಾಗಿತ್ತು ನನಗ! ನಿನ್ನಿಂದ ನನ್ನ ಓದು ಹಾಳಾತು!"

ಪಕ್ಕದ ಮನೆಯವರು ಹೊರಗೆ ಬಂದು ನೋಡಿದರು. ದೊಡ್ಡಮ್ಮ ಬಟ್ಟೆಯ ಅಂಚು ತಿರುವುತ್ತ, "ಇವತ್ತಿಂದ ಮತ್ತ ಇಡೋಣೇನು? ಈ ಸಲ ತೊಳ್ಯಂಗಿಲ್ಲ" ಎಂದಳು. ಅರ್ಜಿಗೆ ಉಳಿದದ್ದು ಒಂದೇ ವಾರ. ರೊಟ್ಟಿಗಳನ್ನು ಕಟ್ಟೆಯ ಮೇಲೆ ಸುರಿದು, ತಾಟು ಕಿತ್ತುಕೊಂಡು ಬಸ್ ಸ್ಟಾಂಡಿಗೆ ನಡೆದುಬಿಟ್ಟೆ. ಹಿಂದಿನಿಂದ ಅವಳ ಕೆಮ್ಮು ಕೇಳುತ್ತಿತ್ತು, ನಾನು ತಿರುಗಲಿಲ್ಲ.

ಅರ್ಜಿಯನ್ನು ಸಿಟ್ಟಿನಲ್ಲೇ ಬರೆದೆ. ನಮ್ಮ ವಿಭಾಗದಲ್ಲಿ ಒಂದು ರೂಢಿಯಿತ್ತು. ಹಿಂದೊಮ್ಮೆ ಯಾರೋ ಸೀನಿಯರ್ ಡ್ಯಾಮಿನ ಹಿನ್ನೀರಿನ ಮೀನುಗಳ ಮೇಲೆ ಬರೆದು ಅನುದಾನ ಪಡೆದಿದ್ದ ಅರ್ಜಿ ಫ್ಲಾಪಿಯಲ್ಲಿತ್ತು. ಯಾರು ಏನು ಬರೆಯುವುದಿದ್ದರೂ ಅದನ್ನೇ ಮುಂದಿಟ್ಟುಕೊಂಡು ಅಲ್ಲಲ್ಲಿ ತಿದ್ದುತ್ತಿದ್ದರು. ನಾನೂ ಅದನ್ನೇ ಟೈಪಿಂಗ್ ಅಂಗಡಿಗೆ ಒಯ್ದೆ. ಮೊದಲ ಪುಟಗಳನ್ನು ಹೊಸದಾಗಿ ಬರೆದೆ. ಅಳತೆಯ ವಿಧಾನದ ಎರಡು ಪುಟಗಳು ಬಂದಾಗ, ಅಳತೆಯೇ ಇಲ್ಲದ ಮೇಲೆ ಇನ್ನೇನು ವಿಧಾನ ಎಂದು ಮನಸ್ಸು ಮುರಿದು, ಆಮೇಲೆ ತಿದ್ದಿದರಾಯಿತು ಎಂದು ಬಿಟ್ಟೆ. ಆಮೇಲೆ ತಿದ್ದಲಿಲ್ಲ. ಮೇಷ್ಟ್ರು ಓದದೆ ಸಹಿ ಹಾಕಿದರು.

ಉತ್ತರ ಬರಲು ಮೂರು ತಿಂಗಳಾಯಿತು. ಮೇಷ್ಟ್ರು ಅದನ್ನು ನನ್ನ ಮುಖ ನೋಡದೆ ಕೊಟ್ಟರು. ವಿಷಯ ಯೋಗ್ಯವಾಗಿದೆ ಎಂದು ಸಂಸ್ಥೆಯವರು ಬರೆದಿದ್ದರು. ಮೊದಲೇ ಅಳತೆ ಮಾಡಿಲ್ಲವೆಂಬುದು ಅಡ್ಡಿಯಲ್ಲ, ಅಂಥ ಅಳತೆ ಮಾಡಲೆಂದೇ ಅನುದಾನ ಇರುವುದು ಎಂದೂ ಬರೆದಿದ್ದರು. ಆದರೆ ವಿಧಾನದ ಭಾಗದಲ್ಲಿ ಬಲೆ ಹಾಕಿ ಮೀನು ಹಿಡಿಯುವ ಕ್ರಮ ವಿವರಿಸಿರುವುದರಿಂದ ಅರ್ಜಿ ಪರಿಗಣಿಸಲಾಗದು. ಅಲ್ಲೇ ನಿಂತು ಎರಡು ಸಲ ಓದಿದೆ. "ನಾನೂ ಒಮ್ಮಿ ಓದಬೇಕಿತ್ತವ್ವ" ಎಂದರು ಮೇಷ್ಟ್ರು.

ಮನೆಗೆ ಬಂದು "ಆಗಲಿಲ್ಲ" ಎಂದಷ್ಟೇ ಹೇಳಿದೆ. "ಆಗೋದಾದ್ರೂ ಹೆಂಗ? ನಮ್ಮಕ್ಕ ಎಲ್ಲಾ ತೊಳದಿಟ್ಲಲ್ಲ" ಎಂದಳು ಅಮ್ಮ. ಅಪ್ಪ ನಿಟ್ಟುಸಿರುಬಿಟ್ಟು ಎದ್ದು ಹೋದ. ಅಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಮರುವಾರ ಅಮ್ಮ ಬಂಡ್ರಿಗೆ ಹೋಗಿ ಅಕ್ಕನಿಗೆ ಬೈದು ಬಂದಳು. ಆಗಲೂ ಸುಮ್ಮನಿದ್ದೆ. ಹಾಗೆ ಸುಮ್ಮನಿರುವುದು ಎಷ್ಟು ಸಲೀಸಾಗಿತ್ತೆಂದರೆ, ಕೆಲವು ದಿನ ನನಗೂ ತಪ್ಪು ಅವಳದ್ದೇ ಎನ್ನಿಸುತ್ತಿತ್ತು.

ಡಿಗ್ರಿ ಮುಗಿಯಿತು. ಕಂಪ್ಲಿಗೆ ಮದುವೆಯಾಗಿ ಹೋದೆ. ಮದುವೆಯಲ್ಲಿ ದೊಡ್ಡಮ್ಮ ಹಿಂದೆಲ್ಲೋ ಕೂತು ಅಕ್ಕಿಕಾಳು ಹಾಕಿ, ಊಟ ಮಾಡದೆ ಬಸ್ ಹಿಡಿದಳಂತೆ.

ಎರಡು ವರ್ಷದ ಮೇಲೆ ಅವಳನ್ನು ಹೊಸಪೇಟೆಯ ಆಸ್ಪತ್ರೆಗೆ ಸೇರಿಸಿದ್ದಾರೆಂದು ಸುದ್ದಿ ಬಂತು. ಮಧ್ಯಾಹ್ನದ ಬಸ್ಸಿಗೆ ಹೋದೆ. ಅಮ್ಮ ಪಕ್ಕದಲ್ಲಿ ಕೂತು ಮೂಸಂಬಿ ಸುಲಿಯುತ್ತಿದ್ದಳು. ದೊಡ್ಡಮ್ಮನ ಮೈಯಲ್ಲಿ ಏನೂ ಉಳಿದಿರಲಿಲ್ಲ. ನನ್ನ ಕೈ ಹಿಡಿದುಕೊಂಡು, ಉಸಿರು ಎಳೆದೆಳೆದು, "ನೀ ದೊಡ್ಡ ಓದು ಓದಾಕಿ ಇದ್ದಿ. ನಾ ಕೆಡಿಸಿದೆ. ತಪ್ಪಾತವ್ವ, ಹೊಟ್ಟಿಗೆ ಹಾಕ್ಕೋ" ಎಂದಳು.

ಹೇಳಬೇಕಾದ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅಮ್ಮ ನನ್ನನ್ನೇ ನೋಡುತ್ತಿದ್ದಳು.

"ಇರ್ಲಿ ಬಿಡು ದೊಡ್ಡಮ್ಮ. ಆದದ್ದಾತು. ನಾ ಏನೂ ಮನಸಿನ್ಯಾಗ ಇಟ್ಕೊಂಡಿಲ್ಲ" ಎಂದೆ.

ಅವಳ ಮುಖ ಸಡಿಲಾಯಿತು. ಕೈಮುಗಿಯಲು ನೋಡಿದಳು, ನಾನು ತಡೆದೆ. ನಾಲ್ಕನೇ ದಿನ ಹೋಗಿಬಿಟ್ಟಳು. ಮಣ್ಣು ಮುಗಿಸಿ ಬಂದವರೆದುರು ಅಮ್ಮ ಕಣ್ಣೊರೆಸಿಕೊಳ್ಳುತ್ತ, "ನನ್ನ ಮಗಳದು ದೊಡ್ಡ ಮನಸು. ಕಡೀಗೆ ಆಕಿನ್ನ ಕ್ಷಮಿಸಿ ಕಳಿಸಿದ್ಲು" ಎಂದು ಹೇಳುತ್ತಿದ್ದಳು. ನಾನು ಬಂದವರಿಗೆ ನೀರು ಕೊಡುತ್ತಿದ್ದೆ.