ಕಬಡ್ಡಿ ಕೇಂದ್ರದ ಕೊರತೆಗಳು, ನಾಲ್ಕು ಪುಟ

ಹೊಗಳಲು ಕುಳಿತರೆ ನನ್ನ ಪೆನ್ನು ಎರಡು ಸಾಲಿಗೇ ಬಾಯಾರಿ ನಿಲ್ಲುತ್ತದೆ; ದೂರಲು ಕುಳಿತರೆ ಊಟಕ್ಕೆ ಕರೆದರೂ ಏಳುವುದಿಲ್ಲ. ಇದು ನನ್ನೊಬ್ಬನ ಗುಣವೋ, ಕನ್ನಡ ಮೇಷ್ಟ್ರುಗಳೆಲ್ಲರದ್ದೋ ತಿಳಿಯದು. ಭಾಷೆಯೂ ಇದಕ್ಕೆ ಕುಮ್ಮಕ್ಕು ಕೊಡುತ್ತದೆ. ಕೊರತೆ, ಕುಂದು, ಲೋಪ, ಊನ, ನ್ಯೂನತೆ ಎಂದು ಕೈಚಾಚಿದಲ್ಲೆಲ್ಲ ಪದಗಳು ಸಿಗುತ್ತವೆ. ಒಂದು ಸಂಸ್ಥೆಯಿಂದ ಆದ ಒಳ್ಳೆಯದನ್ನು ಹೇಳಹೊರಟರೆ ಮಾತ್ರ ‘ಪ್ರಯೋಜನ’, ‘ಉಪಯೋಗ’ ಎಂದು ಬರೆದು, ಮುಂದೇನು ಎಂದು ತಲೆಯ ಮೇಲಿನ ಮಾಡು ನೋಡುತ್ತ ಕೂರಬೇಕು. ಈ ಗುಣದಿಂದ ನಾನೊಮ್ಮೆ ಒಂದು ಕಬಡ್ಡಿ ತರಬೇತಿ ಕೇಂದ್ರವನ್ನೇ ಮುಳುಗಿಸಹೊರಟಿದ್ದೆ.

ತೊಂಬತ್ತರ ದಶಕದ ಕೊನೆಯ ಮಾತು. ನಾನಾಗ ವೇಣೂರಿನ ಸಮೀಪದ ಒಂದು ಪ್ರೌಢಶಾಲೆಯಲ್ಲಿದ್ದೆ. ಸುತ್ತಲಿನ ಊರುಗಳ ಹೆಣ್ಣುಮಕ್ಕಳಿಗೆಂದು ನಮ್ಮ ಮೈದಾನದಲ್ಲಿ ಪ್ರಾದೇಶಿಕ ಕಬಡ್ಡಿ ತರಬೇತಿ ಕೇಂದ್ರ ಶುರುವಾದಾಗ ಅದಕ್ಕೆ ನನ್ನನ್ನು ಸಂಚಾಲಕನನ್ನಾಗಿ ಮಾಡಿದರು. ನನಗೂ ಕಬಡ್ಡಿಗೂ ಇದ್ದ ಸಂಬಂಧವೆಂದರೆ ಅಂಕಣದ ಪಕ್ಕದ ದಾರಿಯಲ್ಲಿ ನಡೆದುಹೋಗುವುದಷ್ಟೆ. ಕಾರಣ ಬೇರೆಯೇ ಇತ್ತು. ಮಕ್ಕಳಿಗೆ ಬಟ್ಟೆ ಬದಲಿಸಲು ಶಾಲೆಯಲ್ಲಿ ಬಾಗಿಲು ಭದ್ರವಾಗಿದ್ದ ಕೋಣೆ ಗ್ರಂಥಾಲಯವೊಂದೇ. ಅದರ ಬೀಗದ ಕೈ ನನ್ನಲ್ಲಿತ್ತು.

ಕಲಿಸುವ ಕೆಲಸವೆಲ್ಲ ಇದಿನಬ್ಬ ಎಂಬವರದು. ಹರೆಯದಲ್ಲಿ ಬಂಟ್ವಾಳ, ಮೂಡಬಿದಿರೆಯ ಪಂದ್ಯಗಳಲ್ಲಿ ಹೆಸರು ಮಾಡಿ, ಆಮೇಲೆ ಕೆಲವು ವರ್ಷ ಗಲ್ಫಿನಲ್ಲಿದ್ದು ಬಂದವರು. ಪೇಟೆಯಲ್ಲಿ ಫ್ಯಾನ್ಸಿ ಅಂಗಡಿ ಇಟ್ಟಿದ್ದರು. ಸಂಜೆಯಾದದ್ದೇ ಬಳೆ, ರಿಬ್ಬನ್ನುಗಳನ್ನು ತಮ್ಮನ ವಶಕ್ಕೆ ಕೊಟ್ಟು, ಕೊರಳಿಗೆ ಸೀಟಿ ಹಾಕಿಕೊಂಡು ಹಾಜರಾಗುತ್ತಿದ್ದರು.

ಕೇಂದ್ರಕ್ಕೆ ಕೊರತೆಗಳಿಗೇನೂ ಕೊರತೆಯಿರಲಿಲ್ಲ. ಮುಖ್ಯವಾದದ್ದು ಮೈದಾನವೇ. ಅದು ಹೊಳೆಯ ಕಡೆಗೆ ಇಳಿಜಾರಾಗಿತ್ತು. ನಮ್ಮ ಹುಡುಗಿಯರು ಮೇಲ್ಮುಖವಾಗಿ ದಾಳಿಗೆ ಹೋಗಿ ಹೋಗಿ ಕಾಲುಗಳನ್ನು ಕಬ್ಬಿಣ ಮಾಡಿಕೊಂಡಿದ್ದರು, ನಿಜ. ಆದರೆ ಮೊದಲ ಸಲ ಮೂಡಬಿದಿರೆಯ ಸಮತಟ್ಟು ಅಂಕಣದಲ್ಲಿ ಆಡಿದಾಗ, ಹತ್ತುವುದಕ್ಕೆಂದು ಕೂಡಿಟ್ಟ ಬಲ ಅವರನ್ನು ಗೆರೆಯಾಚೆಗೆ ಎಸೆಯಿತು. ಎದುರಾಳಿಗಳು ಮುಟ್ಟುವ ಅಗತ್ಯವೇ ಬೀಳಲಿಲ್ಲ. ಶೌಚಾಲಯವಿರಲಿಲ್ಲ, ಮಕ್ಕಳು ಬೇಲಿ ದಾಟಿ ನೆರೆಯ ಕಮಲಕ್ಕನ ಮನೆಗೆ ಹೋಗಬೇಕಿತ್ತು. ಮಂಡಿ ತರಚಿದರೆ ಹಚ್ಚಲು ಮದ್ದಿರಲಿಲ್ಲ.

ಎರಡನೆಯ ವರ್ಷ ಜಿಲ್ಲಾ ಕಚೇರಿಯಿಂದ ಪತ್ರ ಬಂತು: ಕೇಂದ್ರದ ಉಪಯುಕ್ತತೆ ಮತ್ತು ಕೊರತೆಗಳ ಬಗ್ಗೆ ಸಂಚಾಲಕರು ವರದಿ ಸಲ್ಲಿಸಬೇಕು. ನಾನು ಉತ್ಸಾಹದಿಂದ ಕುಳಿತೆ. ಉಪಯುಕ್ತತೆ ಅರ್ಧ ಪುಟಕ್ಕೆ ಮುಗಿಯಿತು. ಕೊರತೆಗಳು ನಾಲ್ಕು ಪುಟ ಹರಿದವು. ಇಳಿಜಾರಿನ ಬಗ್ಗೆ ಬರೆದ ಪ್ಯಾರಾವಂತೂ ನನಗೇ ಎಷ್ಟು ಹಿಡಿಸಿತೆಂದರೆ, ಅಂಚೆಗೆ ಹಾಕುವ ಮೊದಲು ಹೆಂಡತಿಗೆ ಎರಡು ಸಲ ಓದಿ ಹೇಳಿದೆ.

ಹತ್ತು ದಿನ ಕಳೆದು, ಬೆಳ್ತಂಗಡಿಯಲ್ಲಿ ಸಭೆ ಮುಗಿಸಿ ಬಂದ ನಮ್ಮ ಹೆಡ್ಮಾಸ್ಟರು ನನ್ನನ್ನು ಕರೆದರು. “ಇಂಥ ಕೇಂದ್ರಗಳು ಮೂರು ಉಂಟಲ್ಲ, ಅದರಲ್ಲಿ ಒಂದನ್ನು ಮುಚ್ಚುವ ಯೋಚನೆಯಂತೆ. ವರದಿ ನೋಡಿ ತೀರ್ಮಾನ ಮಾಡ್ತಾರಂತೆ. ಉಳಿದ ಎರಡು ಕಡೆಯವರು ಕೊರತೆ ಏನೂ ಇಲ್ಲ ಅಂತ ಬರೆದಿದ್ದಾರೆ. ನೀವು ಎಂತ ಬರೆದಿದ್ದೀರಿ?”

ನಾನು ಸೀದಾ ಇದಿನಬ್ಬರ ಅಂಗಡಿಗೆ ಹೋಗಿ ತಪ್ಪೊಪ್ಪಿಕೊಂಡೆ.

ಅವರು ಬಳೆಯ ಪೆಟ್ಟಿಗೆ ಮುಚ್ಚಿ, “ಮಾಷ್ಟ್ರೇ, ನೀವು ಬರೆದದ್ದರಲ್ಲಿ ಸುಳ್ಳು ಉಂಟಾ?” ಎಂದರು.

“ಇಲ್ಲ.”

“ಮತ್ತೆಂತ ಮಾಡುವುದು ಮಾರಾಯ್ರೆ? ನಾಡಿದ್ದು ಆಫೀಸರು ನೋಡ್ಲಿಕ್ಕೆ ಬರ್ತಾರಂತೆ. ಬರ್ಲಿ. ನಾವು ಆಡಿ ತೋರಿಸುವ.”

ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅಂದು ಸಂಜೆ ಮೈದಾನಕ್ಕೆ ಹೋದರೆ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ತಂಡದ ಮುಖ್ಯ ದಾಳಿಗಾರ್ತಿ ಸುಮತಿ. ಅವಳ ತಾಯಿ ಬೀಡಿ ಕಟ್ಟುವವರು; ಇವಳೂ ಬೆಳಿಗ್ಗೆ ಕಟ್ಟು ಮುಗಿಸಿಯೇ ಶಾಲೆಗೆ ಬರುತ್ತಿದ್ದಳು. ತರಗತಿಯಲ್ಲಿ ಪದ್ಯ ಓದೆಂದರೆ ಎದುರಿನ ಬೆಂಚಿಗೂ ಕೇಳಿಸದ ದನಿ ಅವಳದು. ಆ ದನಿಯಲ್ಲೇ ಕೇಳಿದಳು: “ಸಾರ್, ಇದು ಬಂದ್ ಆದ್ರೆ ನಾವು ಮತ್ತೆ ಎಲ್ಲಿ ಆಡುದು?”

ಅಧಿಕಾರಿಯಾಗಿ ಬಂದವರು ನಡುವಯಸ್ಸಿನ ಹೆಂಗಸು. ಕೈಯಲ್ಲಿ ನನ್ನ ವರದಿ. ಅಲ್ಲಲ್ಲಿ ಕೆಂಪು ಗೀಟು. ಇಳಿಜಾರನ್ನು ನೋಡಿದರು, ಗೀಟು ಹಾಕಿದರು. ಗ್ರಂಥಾಲಯದಲ್ಲಿ ನಿಘಂಟಿನ ಮೇಲೆ ಒಣಗಹಾಕಿದ್ದ ಕಾಲುಚೀಲ ನೋಡಿದರು, ನನ್ನನ್ನೂ ನೋಡಿದರು. ಆಮೇಲೆ ಶೌಚಾಲಯ ಎಲ್ಲಿ ಎಂದು ಕೇಳಿದರು. ಪರಿಶೀಲನೆಗಲ್ಲ, ಅವರಿಗೇ ಬೇಕಾಗಿತ್ತು. ಸುಮತಿ ಅವರನ್ನು ಬೇಲಿ ದಾಟಿಸಿ ಕಮಲಕ್ಕನ ಮನೆಗೆ ಕರೆದೊಯ್ದಳು. ಸೀರೆಯ ಸೆರಗು ಬೇಲಿಗೆ ಸಿಕ್ಕಿಕೊಂಡದ್ದನ್ನು ದೂರದಿಂದಲೇ ಕಂಡು ನಾನು ಕಣ್ಣು ಮುಚ್ಚಿದೆ.

ಹಿಂತಿರುಗಿದವರು ಮಕ್ಕಳನ್ನು ಸುತ್ತ ಕೂರಿಸಿಕೊಂಡರು. “ನಿಮ್ಮ ಸಾರ್ ಕೊರತೆ ತುಂಬಾ ಬರೆದಿದ್ದಾರೆ. ಇಷ್ಟೆಲ್ಲ ತೊಂದರೆ ಇದ್ದೂ ಇಲ್ಲಿಗೆ ಯಾಕೆ ಬರುವುದು?”

ಸುಮತಿ ಎದ್ದು ನಿಂತಳು. “ಮನೆಯಲ್ಲಿ ಜೋರು ಮಾತಾಡಿದ್ರೆ ಬೈತಾರೆ, ಮೇಡಂ. ಇಲ್ಲಿ ಜೋರಾಗಿ ಕಬಡ್ಡಿ ಹೇಳದಿದ್ರೆ ಇದಿನಬ್ಬಣ್ಣ ಬೈತಾರೆ.”

ಹುಡುಗಿಯರು ಕಿಸಕ್ಕನೆ ನಕ್ಕರು. ಮೇಡಂ ನಗಲಿಲ್ಲ, ವರದಿ ಬಿಡಿಸಿ ‘ಉಪಯುಕ್ತತೆ’ ಎಂಬ ಭಾಗದ ಕೆಳಗೆ, ನಾನು ಖಾಲಿ ಬಿಟ್ಟಿದ್ದ ಅರ್ಧ ಪುಟದಲ್ಲಿ, ಆ ಮಾತನ್ನು ಹಾಗೆಯೇ ಬರೆದುಕೊಂಡರು. ನಂತರ ಆಟ ನೋಡಿದರು. ಸುಮತಿ ಇಳಿಜಾರು ಹತ್ತಿ ಇಬ್ಬರನ್ನು ಮುಟ್ಟಿ ಬಂದಳು. ಅವಳ ದನಿ ರಸ್ತೆಯವರೆಗೂ ಕೇಳುತ್ತಿತ್ತು. ಎರಡು ವರ್ಷ ಪ್ರತಿ ಸಂಜೆ ಅದು ನನ್ನ ಕಿವಿಗೆ ಬಿದ್ದಿತ್ತು. ಒಂದು ಪ್ರಯೋಜನವೆಂದು ಮಾತ್ರ ಹೊಳೆದಿರಲಿಲ್ಲ.

ಅವರು ಜೀಪು ಹತ್ತುವಾಗ ನಾನು ತಡವರಿಸುತ್ತ, “ಮೇಡಂ, ವರದಿ ಸ್ವಲ್ಪ ಜಾಸ್ತಿಯಾಯಿತು” ಎಂದೆ.

“ಕೊರತೆ ಇಲ್ಲ ಅಂತ ಬರೆದವರಿಗೆ ನಾನು ಏನು ಕೊಡಲಿ?” ಎಂದರು ಅವರು. “ನಿಮಗಾದರೆ ಏನು ಕೊಡಬೇಕು ಅಂತ ಗೊತ್ತಾಯಿತು.” ಆದರೂ ತೀರ್ಮಾನ ತಮ್ಮ ಕೈಯಲ್ಲಿಲ್ಲ, ಮೇಲಿನವರದ್ದು ಎಂದು ಹೇಳಿಯೇ ಹೋದರು.

ಆಮೇಲಿನ ಮೂರು ವಾರ ಅಂಚೆಯವನ ಸೈಕಲ್ ಬೆಲ್ಲು ಕೇಳಿದರೆ ಪಾಠ ನಿಲ್ಲಿಸುತ್ತಿದ್ದೆ. ಕೊನೆಗೂ ಪತ್ರ ಬಂತು. ಯಾವ ಕೇಂದ್ರವನ್ನೂ ಮುಚ್ಚುವುದಿಲ್ಲ. ನಮ್ಮದಕ್ಕೆ ಶೌಚಾಲಯ ಮಂಜೂರಾಗಿದೆ, ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೂ ಬರಲಿದೆ. ಇಳಿಜಾರಿನ ಬಗ್ಗೆ ಮಾತ್ರ ಚಕಾರವಿಲ್ಲ.

ಪತ್ರ ಹಿಡಿದು ಮೈದಾನಕ್ಕೆ ಓಡಿದೆ. ಓದಿ ಮುಗಿಸುವ ಮೊದಲೇ ಹುಡುಗಿಯರು ಕೂಗಿ ಕುಣಿದರು. ಇದಿನಬ್ಬರು ತಲೆಯ ಟೊಪ್ಪಿ ತೆಗೆದು ಬೆವರೊರಸಿಕೊಂಡು, “ಅಲ್ಹಮ್ದುಲಿಲ್ಲಾ, ಮಾಷ್ಟ್ರೇ” ಎಂದರು. ಅವರೂ ಹೆದರಿದ್ದರೆಂದು ನನಗೆ ಗೊತ್ತಾದದ್ದು ಆಗಲೇ.

“ಸಾರ್, ಒಂದು ಸಲ ದಾಳಿಗೆ ಬನ್ನಿ!” ಎಂದಳು ಸುಮತಿ. ಆ ಖುಷಿಯಲ್ಲಿ ಬೇಡವೆನ್ನಲು ಹೊಳೆಯಲಿಲ್ಲ. ಪ್ಯಾಂಟು ಮಡಚಿ, ಚಪ್ಪಲಿ ಬಿಟ್ಟು, ‘ಕಬಡ್ಡಿ ಕಬಡ್ಡಿ’ ಎಂದು ನಡುಗೆರೆ ದಾಟಿದೆ. ನಾಲ್ಕನೆಯ ಹೆಜ್ಜೆಗೆ, ಯಾರೂ ಮುಟ್ಟದೆಯೇ, ಹುಸ್ಸೆಂದು ಉಸಿರು ಹೊರಟೇಹೋಯಿತು. ಇದಿನಬ್ಬರು ಮುಲಾಜಿಲ್ಲದೆ ಸೀಟಿ ಊದಿದರು: “ಉಸಿರು ಬಿಟ್ರಿ, ಮಾಷ್ಟ್ರೇ. ಔಟು!”

ಅಂಕಣದ ಹೊರಗೆ ಹೋಗಿ ಹುಲ್ಲಿನ ಮೇಲೆ ಕುಳಿತೆ. ಮೂರು ವಾರ ಬಿಗಿಹಿಡಿದ ಉಸಿರನ್ನು ಬಿಟ್ಟು ಔಟಾಗುವುದು ಎಷ್ಟು ಸುಖವೆಂಬುದು ಆ ಆಟವನ್ನು ಚೆನ್ನಾಗಿ ಬಲ್ಲವರಿಗೆ ಗೊತ್ತಿರಲಾರದು.