ತವರಿನ ಸೀರೆಗೆ ತೆರಿಗೆ

ಮೊನ್ನೆ ಬೆಳಿಗ್ಗೆ ಟಪಾಲಿನವ ಬಾಗಿಲು ತಟ್ಟಿ ಒಂದು ಪಾರ್ಸೆಲ್ ಕೈಗಿತ್ತು ಹೋದ. ಬಿಳಿ ಬಟ್ಟೆಯಲ್ಲಿ ಸುತ್ತ ಹೊಲಿದು, ಅಲ್ಲಲ್ಲಿ ಅರಗಿನ ಮುದ್ರೆ ಒತ್ತಿದ್ದರು. ಧಾರವಾಡದಿಂದ ಅವ್ವ ಕಳಿಸಿದ್ದು. ಮೂಗಿಗೆ ಹಿಡಿದರೆ ಅರಗಿನ ವಾಸನೆ, ಅದರ ಹಿಂದೆಯೇ ಒಣಗಿದ ಬೇವಿನೆಲೆಯ ವಾಸನೆ. ನಾನು ಸಂತೋಷಪಡುವುದನ್ನು ಬಿಟ್ಟು ಬರಿಗಾಲಿನಲ್ಲಿ ಅವನ ಹಿಂದೆ ಓಡಿದೆ. ನಾನೇನೂ ಕಟ್ಟಬೇಕಾಗಿಲ್ಲವೇ ಎಂದು ಕೇಳಿದೆ. ಇಲ್ಲವೆಂದ. ಇನ್ನೊಮ್ಮೆ ನೋಡು ಎಂದೆ. ಹಣ ಕೊಡುತ್ತೇನೆಂದು ಬೆನ್ನು ಹತ್ತುವ ಹೆಂಗಸನ್ನು ಇಂಗ್ಲಿಷರ ಈ ಕೆಂಟನ್ನಿನಲ್ಲಿ ಅವನು ಅದೇ ಮೊದಲು ಕಂಡಿರಬೇಕು. ವ್ಯಾನು ಹತ್ತಿ ಬೇಗನೆ ಹೊರಟುಹೋದ.

ನಿಮಗೆ ಇದು ವಿಚಿತ್ರವೆನಿಸಬಹುದು. ಆದರೆ ಹತ್ತು ವರ್ಷಗಳಲ್ಲಿ ಅವ್ವನ ಪಾರ್ಸೆಲ್ ಒಮ್ಮೆಯೂ ನೇರವಾಗಿ ಮನೆಗೆ ಬಂದಿರಲಿಲ್ಲ. ಮೊದಲು ಒಂದು ಬೂದು ಬಣ್ಣದ ಕಾರ್ಡು ಬಾಗಿಲ ಸಂದಿಯಿಂದ ಬೀಳುತ್ತಿತ್ತು. ಹೊರದೇಶದಿಂದ ನಿಮಗೆ ಸಾಮಾನು ಬಂದಿದೆ, ತೆರಿಗೆ ಇಷ್ಟು, ಆ ತೆರಿಗೆಯನ್ನು ವಸೂಲು ಮಾಡುವ ಖರ್ಚು ಇಷ್ಟು, ಕಟ್ಟಿ ಬಿಡಿಸಿಕೊಂಡು ಹೋಗಿ ಎಂದು ಅದರಲ್ಲಿರುತ್ತಿತ್ತು.

ತೆರಿಗೆಯ ವಿಷಯದಲ್ಲಿ ನನ್ನ ತಲೆ ಮೊದಲಿನಿಂದಲೂ ಮಂದ. ಈ ದೇಶದ ಅಂಗಡಿಗಳಲ್ಲಿ ತೆರಿಗೆ ಬೆಲೆಯೊಳಗೇ ಅಡಗಿ ಕುಳಿತಿರುತ್ತದೆ. ಹಾಗಾಗಿ ಬಂದ ಹೊಸದರಲ್ಲಿ ಎರಡು ವರ್ಷ, ಇಲ್ಲಿ ಕೊಳ್ಳುವವರಿಗೆ ತೆರಿಗೆಯೇ ಇಲ್ಲ, ಎಂಥ ಪುಣ್ಯವಂತರು ಎಂದುಕೊಂಡಿದ್ದೆ. ಆ ಭ್ರಮೆ ಬಿಡಿಸಿದವರು ಪಕ್ಕದ ಕಿಂಗ್ಸ್‌ಬರಿಯ ವಸಂತ ಕಾಕಾ. ನಮ್ಮ ಊರಿನವರೇ, ಗುಮಾಸ್ತಿಕೆಯಿಂದ ನಿವೃತ್ತರಾಗಿ ಮಗನ ಮನೆಗೆ ಬಂದು ನೆಲೆಸಿದ್ದರು. ಕೌನ್ಸಿಲ್ಲಿನ ಪತ್ರವಿರಲಿ, ಗ್ಯಾಸಿನ ಬಿಲ್ಲಿರಲಿ, ನಮ್ಮ ಜನ ಅದನ್ನು ಹಿಡಿದುಕೊಂಡು ಅವರಲ್ಲಿಗೇ ಹೋಗುತ್ತಿದ್ದರು.

"ಮಕ್ಕಳ ಬಟ್ಟಿಗೆ ತೆರಿಗಿ ಇಲ್ಲ, ದೊಡ್ಡವರ ಬಟ್ಟಿಗೆ ಐತಿ. ಕೇಕಿಗೆ ಇಲ್ಲ, ಚಾಕೊಲೇಟ್ ಬಳದ ಬಿಸ್ಕೀಟಿಗೆ ಐತಿ" ಎಂದರು ಕಾಕಾ.

"ಯಾಕ ಕಾಕಾ?"

"ಯಾಕಂತ ಕೇಳಬ್ಯಾಡ, ನೆನಪಿಟಗೋ. ಇಲ್ಲೇ ಕೊಂಡ್ರ ಅಂಗಡಿಯಾಂವ ನಿನ್ನ ಕಡಿಂದ ಇಸಕೊಂಡು ಕಟ್ಟತಾನ. ಹೊರಗಿಂದ ಬಂದ್ರ ನೀನ ಕಟ್ಟಬೇಕು. ಯಾರಾರ ಪ್ರೀತಿಲೆ ಕೊಟ್ಟದ್ದು ಸಣ್ಣದಿದ್ರ ಬಿಡ್ತಾರ, ದೊಡ್ಡದಿದ್ರ ಬಿಡಂಗಿಲ್ಲ."

"ಪ್ರೀತಿಲೆ ಕೊಟ್ಟದ್ದು ಸಣ್ಣದೋ ದೊಡ್ಡದೋ ಅನ್ನೋದು ಯಾರು ಹೇಳವರು?"

ಕಾಕಾ ಕನ್ನಡಕ ಒರೆಸತೊಡಗಿದರು. ಉತ್ತರ ಗೊತ್ತಿಲ್ಲದಾಗ ಅವರು ಯಾವಾಗಲೂ ಕನ್ನಡಕ ಒರೆಸುತ್ತಿದ್ದರು.

ಆ ಪ್ರಶ್ನೆ ನನ್ನ ಮನೆ ಬಾಗಿಲಿಗೇ ಬಂದದ್ದು ನಾನು ಏಳು ತಿಂಗಳ ಬಸುರಿಯಾಗಿದ್ದಾಗ. ನಮ್ಮ ಕಡೆ ಬಸುರಿಗೆ ಕುಬಸ ಮಾಡುತ್ತಾರೆ. ತವರುಮನೆಯ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುತ್ತಾರೆ. ಅವ್ವನಿಗೆ ಬರಲಾಗುವಂತಿರಲಿಲ್ಲ, ಸೀರೆ ಕಳಿಸಿದ್ದಳು. ಕುಬಸ ಶುಕ್ರವಾರವಿತ್ತು, ಅದಕ್ಕೆ ಮೂರು ದಿನ ಮೊದಲು ಮಂಗಳವಾರ ಕಾರ್ಡು ಬಂತು. ಅದರಲ್ಲಿದ್ದ ಮೊತ್ತದಲ್ಲಿ ಆಗ ನಮ್ಮ ಮನೆಗೆ ಒಂದು ವಾರದ ದಿನಸಿ ಬರುತ್ತಿತ್ತು.

ನಮ್ಮ ಯಜಮಾನರು ಸಿಡಿದೆದ್ದರು. "ಅತ್ತಿ ತನ್ನ ಮಗಳಿಗೆ ಸೀರಿ ಕೊಟ್ರ ನಡುವ ಇವರದೇನು?"

ಕಾಕಾನೂ ಸೇರಿ ಮೂವರೂ ಪಾರ್ಸೆಲ್ ಕಚೇರಿಗೆ ಹೋದೆವು. ಬಸ್ಸಿನಲ್ಲಿ ಕಾಕಾನಿಗೆ ಒಂದು ವಾದ ಹೊಳೆಯಿತು. ಕಚೇರಿಯ ಕಿಟಕಿಯ ಆಚೆಗಿದ್ದ ಹೆಂಗಸಿಗೆ ಅವರು ಅದನ್ನು ಗಂಭೀರವಾಗಿ ಮಂಡಿಸಿದರು: ಈ ಸೀರೆ ಬರುತ್ತಿರುವುದು ಹೊಟ್ಟೆಯಲ್ಲಿರುವ ಮಗುವಿನ ಸಲುವಾಗಿ, ಆದ್ದರಿಂದ ಇದು ಮಕ್ಕಳ ಬಟ್ಟೆ, ಇದಕ್ಕೆ ತೆರಿಗೆಯಿಲ್ಲ. ಆಕೆ ನನ್ನ ಹೊಟ್ಟೆಯನ್ನು ನೋಡಿದಳು, ಕಾಕಾನ ಮುಖ ನೋಡಿದಳು, ಸೀರೆ ಎಷ್ಟುದ್ದ ಎಂದು ಕೇಳಿದಳು. ಕಾಕಾ ಪ್ರಾಮಾಣಿಕರು, ಒಂಬತ್ತು ಗಜ ಎಂದುಬಿಟ್ಟರು.

ಆಕೆ ನಗಲಿಲ್ಲ. ಪಾರ್ಸೆಲ್ ತಿರುಗಿಸಿ, ಅದರ ಮೇಲೆ ಅಂಟಿಸಿದ ಚೀಟಿ ತೋರಿಸಿದಳು. ಉಡುಗೊರೆ ಎಂಬುದನ್ನು ಅವರು ಒಪ್ಪಿದ್ದರು. ತೊಡಕಿದ್ದದ್ದು ಬೆಲೆಯಲ್ಲಿ. ಅವ್ವನ ದುಂಡನೆಯ ಅಕ್ಷರದಲ್ಲಿ ಎಂಟು ಸಾವಿರ ರೂಪಾಯಿ ಎಂದಿತ್ತು. ಅಷ್ಟು ದುಡ್ಡಿನ ಸೀರೆಯನ್ನು ಅವ್ವ ತನ್ನ ಜನ್ಮದಲ್ಲಿ ಮುಟ್ಟಿರಲಿಲ್ಲ. ನನ್ನ ಮದುವೆಯ ಸೀರೆಗೂ ಅಷ್ಟಾಗಿರಲಿಲ್ಲ.

ತಕರಾರಿದ್ದರೆ ಬರೆದು ಕೊಡಿ, ಆದರೆ ಇಷ್ಟು ದಿನದೊಳಗೆ ಬಿಡಿಸಿಕೊಳ್ಳದಿದ್ದರೆ ಪಾರ್ಸೆಲ್ ಕಳಿಸಿದವರಿಗೇ ವಾಪಸು ಹೋಗುತ್ತದೆ ಎಂದಳು ಆಕೆ. ಕಾಕಾ ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದರು. ನಮ್ಮವರು ಹಾಳೆ ಹುಡುಕುತ್ತಿದ್ದರು. ಮಗಳ ಕುಬಸಕ್ಕೆಂದು ಕಳಿಸಿದ ಸೀರೆ ತಿರುಗಿ ಅವ್ವನ ಮನೆಗೇ ಹೋದರೆ? ನ್ಯಾಯ, ತಕರಾರು ಇವೆಲ್ಲ ಆಕೆಗೆ ತಿಳಿಯುತ್ತವೆಯೇ? ಮಗಳು ತವರಿನ ಉಡಿ ಒಲ್ಲೆನೆಂದಳು ಎಂದಷ್ಟೇ ಓಣಿಗೆಲ್ಲ ತಿಳಿಯುತ್ತದೆ.

"ರೀ, ರೊಕ್ಕ ಕಟ್ರಿ" ಎಂದೆ. ನಮ್ಮವರು ಪಾಕೀಟು ತೆಗೆದರು. ಕಾಕಾನಿಂದ, ಇದು ಅವ್ವನ ಕಿವಿಗೆ ಬೀಳಕೂಡದು ಎಂದು ಮಾತು ತೆಗೆದುಕೊಂಡೆ.

ಕುಬಸ ಚೆನ್ನಾಗಿ ಆಯಿತು. ಮರುದಿನ ಫೋನಿನಲ್ಲಿ ಅವ್ವನನ್ನು ಕೇಳಿದೆ, ಚೀಟಿ ಮೇಲೆ ಅಷ್ಟು ಯಾಕ ಬರದಿ ಎಂದು.

"ಏನ ಮಾಡ್ಲಿ? ಪೋಸ್ಟಿನಾಂವ ನಾಕ ಮಂದಿ ಮುಂದ ಜೋರಾಗಿ ಕೇಳಿದ, ಮಗಳ ಕುಬಸದ ಸೀರಿ ಎಷ್ಟರದವ್ವಾ ಅಂತ. ಎಂಟನೂರ ಅಂತ ಹೆಂಗ ಹೇಳ್ಲಿ? ಒಂದ ಸೊನ್ನಿ ಹೆಚ್ಚಿಗಿ ಹಾಕಿದ್ನಿ. ಯಾಕ, ಏನಾರ ತೊಂದ್ರಿ ಆತೇನು?"

"ಏನೂ ಇಲ್ಲವ್ವಾ, ಸುಮ್ಮನ ಕೇಳಿದ್ನಿ."

ಆ ಸುಳ್ಳನ್ನು ಹತ್ತು ವರ್ಷ ಕಾಪಾಡಿದೆ. ಆಮೇಲಿನ ಪ್ರತಿ ಪಾರ್ಸೆಲ್ಲಿಗೂ ಅವ್ವ ಒಂದು ಸೊನ್ನೆ ಹೆಚ್ಚಿಗೆ ಹಾಕಿದಳು, ಪ್ರತಿ ಸಲವೂ ನಾನು ಕಾರ್ಡು ಹಿಡಿದು ಹೋಗಿ ತೆರಿಗೆ ಕಟ್ಟಿ ಬಂದೆ. ಇಲ್ಲದ ಬೆಲೆಗೆ ತೆರಿಗೆ ಕಟ್ಟುವುದು ಸರಿಯೋ ತಪ್ಪೋ ನನಗೆ ಇಂದಿಗೂ ತಿಳಿಯದು. ಕಾಕಾನನ್ನು ಕೇಳಿದರೆ ಕನ್ನಡಕ ಒರೆಸುತ್ತಿದ್ದರು.

ಹಾಗಾದರೆ ಈ ಸಲ ಏನಾಯಿತು? ಓಡಿ ಸುಸ್ತಾಗಿ ಒಳಗೆ ಬಂದು ಪಾರ್ಸೆಲ್ ತಿರುಗಿಸಿದೆ. ನೂಲಿನ ಸೀರೆ, ನಾಲ್ಕು ಸಾವಿರ ಎಂದು ಅಂಕಿಯಲ್ಲಿ ಬರೆದಿತ್ತು. ಆಮೇಲೆ ಕೊನೆಯ ಸೊನ್ನೆಯನ್ನು ಹೊಡೆದು ಹಾಕಿ, ಪಕ್ಕದಲ್ಲಿ ಅವ್ವ ಸಹಿ ಮಾಡಿದ್ದಳು.

ಕೂಡಲೇ ಫೋನು ಮಾಡಿದೆ.

"ವಸಂತಪ್ಪನೋರು ಊರಿಗೆ ಬಂದಾಗ ಬಾಯಿ ತಪ್ಪಿ ಅಂದ್ರು," ಎಂದಳು ಅವ್ವ. "ನೀ ಇಷ್ಟ ವರ್ಷ ದಂಡ ಕಟ್ಟೀಯಂತಲ್ಲ?"

"ದಂಡ ಅಲ್ಲವ್ವಾ, ತೆರಿಗಿ."

"ಯಾವದಾರ ಆಗ್ಲಿ. ನನ್ನ ದೌಲತ್ತಿಗೆ ನೀ ಯಾಕ ಕಟ್ಟಬೇಕು? ಈ ಸಲ ನಾಕ ಮಂದಿ ಮುಂದ ನಾಕನೂರ ಅಂತ ಹೇಳೇ ಬಿಟ್ನಿ. ಏನೂ ಆಗಲಿಲ್ಲ ಬಿಡು."

ಏನೂ ಆಗಲಿಲ್ಲವೆನ್ನುವ ಆ ದನಿ ನನಗೆ ಗೊತ್ತು. ನಾನೂ ಹತ್ತು ವರ್ಷ ಅದೇ ದನಿಯಲ್ಲಿ ಹೇಳಿದ್ದೇನೆ. ಫೋನಿಟ್ಟು ಅತ್ತುಬಿಟ್ಟೆ. ಕಚೇರಿಗೆ ಹೋಗಿ, ಆ ಸೊನ್ನೆ ತಿರುಗಿ ಹಾಕಿ, ತೆರಿಗೆ ತಗೊಳ್ಳಿ ಎಂದು ಬೇಡಿಕೊಳ್ಳಬೇಕೆನಿಸಿತು.

ಅಂದು ಹೊಟ್ಟೆಯಲ್ಲಿದ್ದ ನನ್ನ ಮಗಳು ಬಂದು ಚೀಟಿಯ ಮೇಲಿನ ಅಂಕಿ ನೋಡಿದಳು. ಇಂಗ್ಲಿಷಿನಲ್ಲಿ ಕೇಳಿದಳು, ಹಾಗಾದರೆ ಅಜ್ಜಿ ಕಳಿಸಿದ್ದು ಅಗ್ಗದ್ದೇನು?

"ಇಲ್ಲವ್ವಾ," ಎಂದೆ. "ಆಕಿ ಇಷ್ಟು ತುಟ್ಟಿ ಸೀರಿ ಎಂದೂ ಕಳಿಸಿರಲಿಲ್ಲ."